ಸಂಸಾರದ ಋಣವೂ ದೇಶದ ಋಣವೂ: ಪಂಡಿತ ಮೋತೀಲಾಲ ನೆಹರೂರವರ ಜೀವಿತ

ದೇಶಕಾರ್ಯದ ಪ್ರಸ್ತಾಪ ಬಂದಾಗ ನಮ್ಮ ಪಟ್ಟಣಗಳ ಸದ್ಗೃಹಸ್ಥರಿಂದ ಹೊರಡುವ ಉತ್ತರವೊಂದು ನಮಗೆಲ್ಲರಿಗೂ ಚಿರಪರಿಚಿತವಾದುದು. ವೃದ್ಧರಾದ ತಾಯಿತಂದೆಗಳಿದ್ದಾರೆ, ಮಗಳ ಮದುವೆಯಾಗಬೇಕಾಗಿದೆ, ಮಗನ ವಿದ್ಯಾಭ್ಯಾಸ ಮುಗಿಯಬೇಕಾಗಿದೆ, ತಮ್ಮಂದಿರಿಗೆ ಒಂದು ದಾರಿ ತೋರಿಸಬೇಕಾಗಿದೆ. ಇವೆಲ್ಲ ತೀರಿದ ಮೇಲೆ ದೇಶದ ಮಾತು ಎಂಬುದೇ ಆ ಉತ್ತರ. ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಂಬಿದವರನ್ನು ನಡುನೀರಿನಲ್ಲಿ ಕೈಬಿಟ್ಟು ಹೊರಡುವವನು ದೇಶವನ್ನೂ ಒಂದು ದಿನ ಹಾಗೆಯೇ ಕೈಬಿಟ್ಟಾನು. ಆದರೆ ಸಂಸಾರವೆಂಬುದು ದೇಶಸೇವೆಗೆ ಸ್ವಭಾವತಃ ವಿರೋಧಿಯೆಂದು ತಿಳಿಯುವುದು ಮಾತ್ರ ಭ್ರಾಂತಿ. ಈ ವಿಷಯವನ್ನು ಆಲೋಚಿಸುವವರಿಗೆ ಪಂಡಿತ ಮೋತೀಲಾಲ ನೆಹರೂರವರ ಜೀವಿತಕ್ಕಿಂತ ಉತ್ತಮವಾದ ದೃಷ್ಟಾಂತವು ದೊರೆಯಲಾರದು. 1931ನೆಯ ಇಸವಿಯ ಫೆಬ್ರವರಿ 6ರಂದು ಕಾಲವಶರಾದ ಈ ಮಹನೀಯರನ್ನು ಇಂದಿನ ಜನರು ಬಹುಮಟ್ಟಿಗೆ ಜವಾಹರಲಾಲರ ತಂದೆಯೆಂದೂ, ಇಂದಿರಾ ಗಾಂಧಿಯವರ ಅಜ್ಜನೆಂದೂ ಮಾತ್ರ ಬಲ್ಲರು. ಅವರು ಅಷ್ಟೇ ಆಗಿರಲಿಲ್ಲ. ಆದರೂ ಮೊಟ್ಟಮೊದಲಿಗೆ ಅವರು ಒಬ್ಬ ತಂದೆ, ಒಬ್ಬ ತಮ್ಮ, ಒಂದು ದೊಡ್ಡ ಮನೆತನದ ಯಜಮಾನ ಎಂಬುದು ನಿಜ. ಅವರ ದೇಶಭಕ್ತಿಯ ಬೇರೂ ಅಲ್ಲಿಯೇ ಇದ್ದಿತು.

ಅವರ ಪೂರ್ವಿಕರು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಕಾಶ್ಮೀರದಿಂದ ದಿಲ್ಲಿಗೆ ಬಂದು ನೆಲಸಿದ ಪಂಡಿತರು. ನಹರು ಎಂದರೆ ಕಾಲುವೆ. ಕಾಲುವೆಯ ದಡದಲ್ಲಿ ಮನೆಯಿದ್ದುದರಿಂದ ನೆಹರೂ ಎಂಬ ಉಪನಾಮವು ಅವರಿಗೆ ಬಂದಿತು. ಮೋತೀಲಾಲರ ತಂದೆ ಗಂಗಾಧರರು 1857ರ ದಂಗೆಗೆ ಮುಂಚೆ ದಿಲ್ಲಿಯ ಕೋತವಾಲರಾಗಿದ್ದರು. ಆ ದಂಗೆಯಲ್ಲಿ ಮನೆಮಾರು, ಆಸ್ತಿಪಾಸ್ತಿ ಸಮಸ್ತವೂ ನಾಶವಾಗಿ, ಕುಟುಂಬವು ಬರಿಗೈಯಲ್ಲಿ ಆಗ್ರಾಕ್ಕೆ ಓಡಿಬರಬೇಕಾಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಗಂಗಾಧರರು ತೀರಿಕೊಂಡರು. ಅವರು ತೀರಿದ ಮೂರು ತಿಂಗಳಿಗೆ, 1861ರ ಮೇ 6ರಂದು, ಮೋತೀಲಾಲರು ಹುಟ್ಟಿದರು. ಹೀಗೆ ತಂದೆಯ ಮುಖವನ್ನೇ ಕಾಣದೆ ಹುಟ್ಟಿದ ಮಗುವು ಮುಂದೆ ಮಗನ ಮೇಲೆ ಪ್ರಾಣವನ್ನೇ ಇಟ್ಟುಕೊಂಡ ತಂದೆಯಾದುದು ದೈವವಿಲಾಸವೆನ್ನಬೇಕು.

ಮಗುವಿಗೆ ತಂದೆಯ ಸ್ಥಾನದಲ್ಲಿ ನಿಂತವರು ಅಣ್ಣಂದಿರು. ಹಿರಿಯಣ್ಣ ಬನ್ಸೀಧರರು ಸರ್ಕಾರದ ನ್ಯಾಯಶಾಖೆಯಲ್ಲಿದ್ದು ಊರಿಂದೂರಿಗೆ ವರ್ಗವಾಗುತ್ತಿದ್ದುದರಿಂದ, ಪೋಷಣೆಯ ಹೊಣೆಯು ಎರಡನೆಯವರಾದ ನಂದಲಾಲರ ಮೇಲೆ ಬಿದ್ದಿತು. ನಂದಲಾಲರು ರಾಜಪುತಾನದ ಖೇತ್ರಿ ಸಂಸ್ಥಾನದಲ್ಲಿ ದಿವಾನರಾಗಿದ್ದು, ಅನಂತರ ವಕೀಲಿ ವೃತ್ತಿಯನ್ನು ಕೈಕೊಂಡು, ಹೈಕೋರ್ಟಿನ ಜೊತೆಯಲ್ಲಿ ಅಲಹಾಬಾದಿಗೆ ಬಂದು ನೆಲಸಿದವರು. ಬಾಲಕನಿಗೆ ಹನ್ನೆರಡು ವರ್ಷದವರೆಗೆ ಪಾರಸಿ, ಅರಬ್ಬಿಗಳಲ್ಲಿಯೇ ಶಿಕ್ಷಣವಾಯಿತು. ಆಮೇಲೆ ಕಾನ್ಪುರದ ಇಂಗ್ಲಿಷು ಶಾಲೆ, ತರುವಾಯ ಅಲಹಾಬಾದಿನ ಮ್ಯೂಯರ್ ಸೆಂಟ್ರಲ್ ಕಾಲೇಜು.

ವಿದ್ಯಾರ್ಥಿದೆಶೆಯಲ್ಲಿ ಮೋತೀಲಾಲರು ಪರಿಶ್ರಮಕ್ಕಿಂತ ಆಟಪಾಟಗಳಿಗೂ ತುಂಟತನಕ್ಕೂ ಹೆಸರಾದವರು. ಬಿ. ಎ. ಪರೀಕ್ಷೆಗೆ ಆಗ್ರಾಕ್ಕೆ ಹೋಗಿ, ಮೊದಲನೆಯ ಪತ್ರಿಕೆಯು ತಮಗೆ ತೃಪ್ತಿಯಾಗುವಂತೆ ಬರೆಯಲಾಗಲಿಲ್ಲವೆಂದು ಉಳಿದ ಪತ್ರಿಕೆಗಳಿಗೆ ಕೂಡದೆ, ತಾಜಮಹಲನ್ನು ನೋಡುತ್ತ ಕಾಲ ಕಳೆದರು. ಆ ಪತ್ರಿಕೆಯಲ್ಲಿ ಅವರು ಸಾಕಷ್ಟು ಚೆನ್ನಾಗಿಯೇ ಬರೆದಿದ್ದರೆಂದು ಅಧ್ಯಾಪಕರು ಆಮೇಲೆ ಕರೆದು ಛೀಮಾರಿ ಹಾಕಿದರು. ಪದವಿಯು ಶಾಶ್ವತವಾಗಿ ಕೈತಪ್ಪಿತು. ಆದರೆ ಅಣ್ಣನ ಅನ್ನದ ಋಣವು ತಲೆಯ ಮೇಲಿದೆಯೆಂಬ ಅರಿವು ಮೂಡಿದಂದಿನಿಂದ ಅದೇ ತರುಣನು ಬೇರೊಬ್ಬ ಮನುಷ್ಯನಾದನು. 1883ರಲ್ಲಿ ಹೈಕೋರ್ಟಿನ ವಕೀಲಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾಗಿ ತೇರ್ಗಡೆ ಹೊಂದಿ ಚಿನ್ನದ ಪದಕವನ್ನು ಪಡೆದರು. ಕಾನ್ಪುರದ ಜಿಲ್ಲಾ ನ್ಯಾಯಾಲಯದಲ್ಲಿ ಮೂರು ವರ್ಷ ಅನುಭವ ಪಡೆದು, 1886ರಲ್ಲಿ ಅಲಹಾಬಾದಿನ ಹೈಕೋರ್ಟಿಗೆ ಬಂದರು.

ಅಲ್ಲಿಗೆ ಬಂದ ಮರುವರ್ಷವೇ, 1887ರ ಏಪ್ರಿಲಿನಲ್ಲಿ, ಸಿಡಿಲು ಬಡಿದಂತೆ ನಂದಲಾಲರು ನಲವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಹೋದರು. ಅವರು ಬಿಟ್ಟುಹೋದುದು ಪತ್ನಿ, ಐವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೋತೀಲಾಲರಿಗೆ ಆಗ ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಕೈಹಿಡಿದಿದ್ದ ಮೊದಲನೆಯ ಹೆಂಡತಿಯನ್ನೂ ಚೊಚ್ಚಲ ಮಗನನ್ನೂ ಅವರು ಅಷ್ಟರಲ್ಲಿಯೇ ಕಳೆದುಕೊಂಡಿದ್ದರು. ಲಾಹೋರಿನ ಮನೆತನದ ಸ್ವರೂಪರಾಣಿಯವರೊಡನೆ ಅವರಿಗೆ ಎರಡನೆಯ ವಿವಾಹವಾಯಿತು. ವೃದ್ಧ ತಾಯಿ, ಅತ್ತಿಗೆ, ಏಳು ಮಂದಿ ಅಣ್ಣನ ಮಕ್ಕಳು, ಪತ್ನಿ, ಇಷ್ಟು ಜನರ ಭಾರವೂ ಹೊಸದಾಗಿ ವೃತ್ತಿಗಿಳಿದ ಒಬ್ಬ ತರುಣ ವಕೀಲನ ಹೆಗಲಿಗೇರಿತು.

ಅವರು ಆ ಭಾರಕ್ಕೆ ಹೆಗಲು ಕೊಟ್ಟರು. ಹಗಲೆಲ್ಲ ಕೋರ್ಟು, ರಾತ್ರಿಯೆಲ್ಲ ಕಾಗದಪತ್ರ. ಒಂದು ಮೊಕದ್ದಮೆ ಗೆದ್ದರೆ ಇನ್ನೊಂದಕ್ಕೆ ಕುಳಿತರು. ಅಲಹಾಬಾದಿನ ಹೈಕೋರ್ಟಿಗೆ ಬರುತ್ತಿದ್ದುವು ಬಹುಮಟ್ಟಿಗೆ ದೊಡ್ಡ ದೊಡ್ಡ ಜಮೀನ್ದಾರೀ ಮನೆತನಗಳ ದತ್ತಕ, ದಾಯಭಾಗ, ಉತ್ತರಾಧಿಕಾರಗಳ ವ್ಯಾಜ್ಯಗಳು. ಇತರರ ಸಂಸಾರಗಳು ಒಡೆಯುವುದನ್ನು ದಿನವೂ ಕಣ್ಣಾರೆ ಕಂಡ ಮನುಷ್ಯನು ತನ್ನ ಸಂಸಾರವನ್ನು ಒಡೆಯಗೊಡದಿರುವ ಛಲ ತೊಟ್ಟನೋ ಎಂಬಂತೆ, ಅಣ್ಣನ ಮಕ್ಕಳಿಗೂ ತಮ್ಮ ಮಕ್ಕಳಿಗೂ ಭೇದವೆಣಿಸದೆ ಅವರು ಸಾಕಿದರು, ಓದಿಸಿದರು, ನೆಲೆಗೊಳಿಸಿದರು. 1896ರಲ್ಲಿ ಹೈಕೋರ್ಟಿನ ಅಡ್ವೊಕೇಟರ ಪಂಕ್ತಿಗೆ ಸೇರಿಸಲ್ಪಟ್ಟರು. 1909ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲಿನಲ್ಲಿ ವಾದಿಸುವ ಹಕ್ಕು ದೊರೆಯಿತು. ಪದವಿಯಿಲ್ಲದ ಮನುಷ್ಯನಿಗೆ ಇವೆಲ್ಲ ದೊರೆತುದು ಕೇವಲ ಬುದ್ಧಿಯಿಂದಲ್ಲ, ಬೆವರಿನಿಂದ.

ಲಕ್ಷ್ಮಿಯು ಒಲಿದಳು. 1900ರಲ್ಲಿ 19,000 ರೂಪಾಯಿ ಕೊಟ್ಟು ಅವರು ಒಂದು ಹಳೆಯ ಬಂಗಲೆಯನ್ನು ಕೊಂಡು, ವರ್ಷಗಟ್ಟಲೆ ದುರಸ್ತಿ ಮಾಡಿಸಿ, ಅದಕ್ಕೆ ಆನಂದಭವನವೆಂದು ಹೆಸರಿಟ್ಟರು. ವಿದ್ಯುದ್ದೀಪಗಳು, ಈಜುಕೊಳ, ಕುದುರೆಲಾಯ, ಭಾರತೀಯ ಅಡಿಗೆಗೊಂದು ಇಂಗ್ಲಿಷು ಅಡಿಗೆಗೊಂದು ಎರಡು ಪಾಕಶಾಲೆಗಳು, ಮಕ್ಕಳಿಗೆ ಐರೋಪ್ಯ ಶಿಕ್ಷಕರು. ಊರೇ ಬೆರಗಾಗುವಂತಹ ವೈಭವ. ಅವರ ಬಟ್ಟೆಗಳು ಪ್ಯಾರಿಸ್ಸಿಗೆ ಹೋಗಿ ಮಡಿಯಾಗಿ ಬರುತ್ತಿದ್ದುವೆಂದು ಜನರು ಕಟ್ಟಿದ ಕಥೆಯು ಮಾತ್ರ ಶುದ್ಧ ಸುಳ್ಳು. 1899ರಲ್ಲಿ ವಿಲಾಯತಿಗೆ ಹೋಗಿಬಂದ ಮೇಲೆ ಜಾತಿಯವರು ಪ್ರಾಯಶ್ಚಿತ್ತವನ್ನು ಕೇಳಿದರು. ಪಂಡಿತರು ಅದಕ್ಕೆ ಸೊಪ್ಪುಹಾಕಲಿಲ್ಲ, ಬಹಿಷ್ಕಾರಕ್ಕೂ ಅಂಜಲಿಲ್ಲ.

ಅವರಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳಹೊರಟಿಲ್ಲ. ಅವರ ಕೋಪವು ಪ್ರಸಿದ್ಧವಾದುದು. ಮೇಜಿನ ಮೇಲಿದ್ದ ಎರಡು ಫೌಂಟನ್ ಪೆನ್ನುಗಳಲ್ಲಿ ಒಂದನ್ನು ಐದಾರು ವರ್ಷದ ಜವಾಹರನು ಎತ್ತಿಕೊಂಡನೆಂಬುದು ಗೊತ್ತಾದಾಗ, ಮಗುವಿನ ಮೈಗೆ ಹಲವು ದಿನ ಔಷಧ ಹಚ್ಚಬೇಕಾಗುವಷ್ಟು ಹೊಡೆದರು. ಆಜ್ಞೆಯನ್ನು ಮೀರುವುದನ್ನು ಅವರು ಸಹಿಸುತ್ತಿರಲಿಲ್ಲ. ಆದರೂ ಆ ಮಗನು ತಂದೆಯಲ್ಲಿ ಭಯದೊಡನೆ ಅಪಾರವಾದ ಭಕ್ತಿಯನ್ನೂ ಇಟ್ಟುಕೊಂಡೇ ಬೆಳೆದನು. 1889ರ ನವೆಂಬರ್ 14ರಂದು ಹುಟ್ಟಿದ ಜವಾಹರಲಾಲರು ಹನ್ನೊಂದು ವರ್ಷ ಒಬ್ಬರೇ ಮಗುವಾಗಿದ್ದರು. ಅನಂತರ 1900ರಲ್ಲಿ, ಮುಂದೆ ವಿಜಯಲಕ್ಷ್ಮಿಯೆಂದು ಹೆಸರಾದ ಸರೂಪಕುಮಾರಿಯೂ, 1907ರಲ್ಲಿ ಕೃಷ್ಣೆಯೂ ಹುಟ್ಟಿದರು. ನಡುವೆ 1905ರಲ್ಲಿ ಹುಟ್ಟಿದ ಒಂದು ಗಂಡುಮಗು ತಿಂಗಳೊಳಗಾಗಿ ತೀರಿತು.

ಅದೇ 1905ರಲ್ಲಿ ಹೆಂಡತಿಮಕ್ಕಳೊಡನೆ ವಿಲಾಯತಿಗೆ ಹೋಗಿ, ಮಗನನ್ನು ಹ್ಯಾರೋ ಶಾಲೆಯಲ್ಲಿ ಬಿಟ್ಟುಬಂದರು. ಆ ಅಗಲಿಕೆಯು ಅವರ ಕರುಳನ್ನು ಹಿಂಡಿತೆಂಬುದಕ್ಕೆ ಮಗನಿಗೆ ಅವರು ಬರೆಯುತ್ತಿದ್ದ ಪತ್ರಗಳೇ ಸಾಕ್ಷಿ. ನೆಹರೂ ಮನೆತನದ ಭಾಗ್ಯಕ್ಕೆ ತಾವು ಅಸ್ತಿವಾರವನ್ನು ಹಾಕಿದ್ದೇವೆ, ಅದರ ಮೇಲೆ ಕಟ್ಟಡವನ್ನೆಬ್ಬಿಸುವವನು ಮಗನು ಎಂಬುದೇ ಅವರ ಜೀವಿತದ ಮುಖ್ಯ ಹಂಬಲವಾಗಿದ್ದಿತು. ಮಗನು ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದಾಗ ಸಿವಿಲ್ ಸರ್ವಿಸ್ಸಿನ ಯೋಚನೆಯೂ ಮನೆಯಲ್ಲಿ ಇದ್ದಿತು. ಆದರೆ ಇಷ್ಟು ಕಾಲ ದೂರವಿದ್ದ ಮಗನು ಅಧಿಕಾರದ ನಿಮಿತ್ತ ಮತ್ತೆ ದೂರದೂರದ ಜಿಲ್ಲೆಗಳಿಗೆ ಹೋಗಿಬಿಡುವನಲ್ಲಾ ಎಂಬ ಅಳುಕೂ ಆ ಯೋಚನೆಯನ್ನು ಬಿಡಿಸಿದ ಕಾರಣಗಳಲ್ಲೊಂದು. ಜವಾಹರಲಾಲರು 1912ರಲ್ಲಿ ಬ್ಯಾರಿಸ್ಟರರಾಗಿ ಹಿಂತಿರುಗಿ ತಂದೆಯ ಮಗ್ಗುಲಲ್ಲಿಯೇ ಕೋರ್ಟಿಗೆ ಹೋಗತೊಡಗಿದರು. 1916ರಲ್ಲಿ ಕಮಲೆಯು ಸೊಸೆಯಾಗಿ ಬಂದಳು. 1917ರಲ್ಲಿ ಮೊಮ್ಮಗಳು ಇಂದಿರೆಯು ಹುಟ್ಟಿದಳು. ಗೃಹಸ್ಥನಾದವನು ಬಯಸಬಹುದಾದುದೆಲ್ಲವೂ ಕೈಗೂಡಿದಂತಾಗಿದ್ದಿತು.

ಇಲ್ಲಿಯವರೆಗೂ ರಾಜಕೀಯದಲ್ಲಿ ಪಂಡಿತರು ಸೌಮ್ಯರು. 1907ರಲ್ಲಿ ತಮ್ಮ ಪ್ರಾಂತದ ರಾಜಕೀಯ ಪರಿಷತ್ತಿಗೆ ಅಧ್ಯಕ್ಷರಾಗಿದ್ದಾಗ ಇಂಗ್ಲೆಂಡಿನ ನ್ಯಾಯಬುದ್ಧಿಯಲ್ಲಿ ಅವರಿಗೆ ಪೂರ್ಣವಾದ ನಂಬಿಕೆಯಿದ್ದಿತು. 1917ರಲ್ಲಿ ಆನಿ ಬೆಸೆಂಟರನ್ನು ಸರ್ಕಾರವು ಬಂಧನದಲ್ಲಿಟ್ಟಾಗ ಆ ನಂಬಿಕೆಯು ಅಲುಗಿ, ಅವರು ಹೋಂರೂಲ್ ಲೀಗಿಗೆ ಸೇರಿದರು. ನಿಜವಾದ ಪರೀಕ್ಷೆಯು ಬಂದುದು 1919ರಲ್ಲಿ. ರೌಲಟ್ ಕಾಯಿದೆಗಳನ್ನು ಪ್ರತಿಭಟಿಸಲು ಗಾಂಧೀಜಿಯವರು ಸತ್ಯಾಗ್ರಹ ಸಭೆಯನ್ನು ಸ್ಥಾಪಿಸಿದಾಗ ಅದಕ್ಕೆ ಸೇರಬೇಕೆಂದು ಜವಾಹರಲಾಲರು ತವಕಪಟ್ಟರು. ಕಾಯಿದೆಯೇ ಜೀವನವಾಗಿದ್ದ ತಂದೆಗೆ ಬುದ್ಧಿಪೂರ್ವಕವಾಗಿ ಕಾಯಿದೆಯನ್ನು ಮುರಿದು ಸೆರೆಮನೆಗೆ ಹೋಗುವ ಮಾತೇ ಅರ್ಥವಾಗಲಿಲ್ಲ. ಮನೆಯಲ್ಲಿ ಹಲವು ದಿನ ಉರಿಯೂ ಮೌನವೂ ತುಂಬಿದುವು. ಆದರೆ ರಾತ್ರಿಯಾದ ಮೇಲೆ ಯಾರಿಗೂ ತಿಳಿಯದಂತೆ ಆ ಶ್ರೀಮಂತನು ಮಂಚವನ್ನು ಬಿಟ್ಟು ಬರಿಯ ನೆಲದ ಮೇಲೆ ಮಲಗಿ ನೋಡಿದನು. ಮಗನು ಸೆರೆಮನೆಯಲ್ಲಿ ಮಲಗಬೇಕಾದ ನೆಲವು ಎಂತಹುದೆಂದು ತನ್ನ ಮೈಯಿಂದಲೇ ಅಳೆಯುವುದಕ್ಕಾಗಿ. ಅವರ ಜೀವಿತದಲ್ಲಿ ನಮ್ಮ ಮನಸ್ಸನ್ನು ಇದಕ್ಕಿಂತ ಹೆಚ್ಚಾಗಿ ಕಲಕುವ ಪ್ರಸಂಗವಿಲ್ಲ.

ಪಂಡಿತರು ಗಾಂಧೀಜಿಯವರನ್ನೇ ಅಲಹಾಬಾದಿಗೆ ಕರೆಸಿಕೊಂಡರು. ಗಾಂಧೀಜಿಯವರು ತಂದೆಯ ಮನಸ್ಸನ್ನು ನೋಯಿಸುವ ಯಾವ ಕಾರ್ಯವನ್ನೂ ಆತುರದಿಂದ ಮಾಡಕೂಡದೆಂದು ಮಗನಿಗೆ ಬುದ್ಧಿ ಹೇಳಿದರು. ಆದರೆ ಕೆಲವೇ ವಾರಗಳಲ್ಲಿ, ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಹತ್ಯಾಕಾಂಡವು ನಡೆಯಿತು. ಕಾಂಗ್ರೆಸ್ಸಿನ ವಿಚಾರಣಾಕಾರ್ಯಕ್ಕಾಗಿ ಪಂಡಿತರು ಪಂಜಾಬಿನಲ್ಲಿ ಸಂಚರಿಸಿ, ತಮ್ಮ ವೃತ್ತಿಯನ್ನು ಹಿಂದಿಕ್ಕಿ ಶ್ರಮಿಸಿದರು. ಇತರರ ಮನೆಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆಗಳನ್ನು ಕಂಡ ಬಳಿಕ ಅವರಿಗೆ ಹಳೆಯ ನಂಬಿಕೆಯು ಉಳಿಯಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೃತಸರದಲ್ಲಿಯೇ ಕೂಡಿದ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. 1920ರ ಸೆಪ್ಟೆಂಬರಿನ ಕಲ್ಕತ್ತೆಯ ವಿಶೇಷಾಧಿವೇಶನದಲ್ಲಿ ಹಳೆಯ ಮುಖಂಡರೆಲ್ಲರೂ ಅಸಹಕಾರಕ್ಕೆ ಹಿಂಜರಿದಾಗ ಗಾಂಧೀಜಿಯವರ ಬೆಂಬಲಕ್ಕೆ ನಿಂತ ಹಿರಿಯರು ಮೋತೀಲಾಲರೊಬ್ಬರೇ.

ನಿರ್ಣಯಕ್ಕೆ ಕೈಯೆತ್ತಿ ಸುಮ್ಮನಾಗುವ ಸ್ವಭಾವ ಅವರದಲ್ಲ. ಊರಿಗೆ ಬಂದವರೇ ಮೂವತ್ತೇಳು ವರ್ಷಗಳ ವಕೀಲಿಯನ್ನು ಬಿಟ್ಟರು. ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕಿರಿಯ ಮಗಳನ್ನು ಶಾಲೆಯಿಂದ ಬಿಡಿಸಿದರು. ಕುದುರೆಗಳೂ ಗಾಡಿಗಳೂ ಮಾರಾಟವಾದುವು, ಆಳುಕಾಳುಗಳು ಕಡಿಮೆಯಾದರು, ಎರಡು ಪಾಕಶಾಲೆಗಳ ವೈಭವವು ನಿಂತಿತು. ರೇಷ್ಮೆ, ಉಣ್ಣೆಯ ವಿಲಾಯತಿ ಉಡುಪುಗಳಿದ್ದ ಕಡೆಯಲ್ಲಿ ಒರಟು ಖಾದಿ ಬಂದಿತು. 1921ರ ಮೇ ತಿಂಗಳಲ್ಲಿ ಹಿರಿಯ ಮಗಳನ್ನು ಕಾಶ್ಮೀರೀ ಪಂಡಿತರ ಬಳಗದ ಹೊರಗಿನವರಾದ ರಣಜಿತ ಪಂಡಿತರಿಗೆ ಧಾರೆಯೆರೆದರು. ಮನೆಯ ಯಾವ ಕರ್ತವ್ಯವೂ ನಿಲ್ಲಲಿಲ್ಲ. ಅದರ ರೀತಿ ಮಾತ್ರ ಬದಲಾಯಿತು.

1921ರ ಡಿಸೆಂಬರ್ 6ರ ಸಂಜೆ ಪೋಲೀಸಿನವರು ಆನಂದಭವನಕ್ಕೆ ಬಂದು ತಂದೆಮಗ ಇಬ್ಬರನ್ನೂ ಒಟ್ಟಿಗೆ ಹಿಡಿದೊಯ್ದರು. ಮರುದಿನದ ವಿಚಾರಣೆಯ ಕಾಲದಲ್ಲಿ ಪಂಡಿತರು ನಾಲ್ಕು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಆಸೀನರಾಗಿದ್ದರು. ಅವರ ಹಿಂದಿ ರುಜುವನ್ನು ಗುರುತಿಸಲು ಕರೆತಂದ ಸಾಕ್ಷಿಗೆ ಓದುಬರಹವೇ ಇಲ್ಲದೆ ಆತನು ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡನು. ಹೈಕೋರ್ಟಿನ ಶಿಖರದಲ್ಲಿ ಮೆರೆದ ನ್ಯಾಯವಾದಿಗೆ ನ್ಯಾಯದ ಈ ವಿಡಂಬನೆಯು ಹೇಗೆ ಕಂಡಿತೋ! ಅವರು ವಾದಿಸಲಿಲ್ಲ, ಆರು ತಿಂಗಳ ಶಿಕ್ಷೆಯನ್ನು ಸ್ವೀಕರಿಸಿದರು. ದಂಡವನ್ನು ತೆರಲು ಒಪ್ಪದಿದ್ದುದರಿಂದ ಪೋಲೀಸಿನವರು ಮನೆಯ ಸಾಮಾನುಗಳನ್ನು ಹೊತ್ತೊಯ್ದರು. ಲಖನೌ ಸೆರೆಮನೆಯಲ್ಲಿ ಮಗನು ಕೊಠಡಿಯನ್ನು ಗುಡಿಸಿ, ತಂದೆಯ ಬಟ್ಟೆಗಳನ್ನು ತನ್ನ ಕೈಯಾರೆ ಒಗೆದನು. ಆನಂದಭವನದ ಭೋಗದ ದಿನಗಳಲ್ಲಿ ಆ ತಂದೆಗೆ ಇಂತಹ ಸೇವೆಯು ಲಭಿಸುವಂತಿರಲಿಲ್ಲ.

ಮುಂದಿನ ವರ್ಷಗಳ ರಾಜಕೀಯವು ಬಹುಜನಕ್ಕೆ ತಿಳಿದುದು. 1923ರ ಆರಂಭದಲ್ಲಿ ಚಿತ್ತರಂಜನ ದಾಸರೊಡನೆ ಸ್ವರಾಜ್ಯ ಪಕ್ಷವನ್ನು ಕಟ್ಟಿ, ಕೇಂದ್ರ ಶಾಸನಸಭೆಯಲ್ಲಿ ಆ ಪಕ್ಷದ ನಾಯಕರಾಗಿ ಸರ್ಕಾರಕ್ಕೆ ಪದೇ ಪದೇ ಸೋಲನ್ನುಣಿಸಿದರು. ಆ ಪಕ್ಷಕ್ಕೂ ಗಾಂಧೀಜಿಯವರಿಗೂ ಆದ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಮುದ್ರೆ ಬಿದ್ದುದು ನಮ್ಮ ಬೆಳಗಾವಿಯ ಅಧಿವೇಶನದಲ್ಲಿ, 1924ರ ಡಿಸೆಂಬರಿನಲ್ಲಿ. ಕನ್ನಡಿಗರು ಪಂಡಿತರನ್ನು ನೆನೆಯಬೇಕಾದ ಇನ್ನೂ ದೊಡ್ಡ ಕಾರಣವೊಂದಿದೆ. 1928ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ರಾಜ್ಯಘಟನೆಯ ವರದಿಯು ಭಾಷಾವಾರು ಪ್ರಾಂತರಚನೆಯ ತತ್ತ್ವವನ್ನು ಎತ್ತಿಹಿಡಿದು, ಕರ್ನಾಟಕದ ಬೇಡಿಕೆಯನ್ನು ಹೆಸರೆತ್ತಿ ಸಮರ್ಥಿಸಿತು. ಹರಿದುಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾಗುವುದಕ್ಕೆ ಇಪ್ಪತ್ತೆಂಟು ವರ್ಷಗಳ ಮೊದಲೇ ದೇಶದ ಮುಖ್ಯ ಪಕ್ಷಗಳವರ ಮುಂದೆ ಆ ಹಕ್ಕನ್ನು ಬರೆದಿರಿಸಿದ ಲೇಖನವದು. ಒಡೆದ ಮನೆಯ ದುಃಖವನ್ನು ಬಲ್ಲ ಯಜಮಾನನ ಕೈಯಿಂದ ಅದು ಬಂದುದು ಉಚಿತವೇ ಸರಿ.

ಆ ವರ್ಷದ ಕಲ್ಕತ್ತೆಯ ಕಾಂಗ್ರೆಸ್ಸಿಗೆ ಪಂಡಿತರೇ ಅಧ್ಯಕ್ಷರು. ಅಲ್ಲಿ ತಂದೆಯು ಅಧಿರಾಜ್ಯ ಪದವಿಯ ಪರ, ಮಗನು ಪೂರ್ಣಸ್ವಾತಂತ್ರ್ಯದ ಪರ. ಸರ್ಕಾರಕ್ಕೆ ಒಂದು ವರ್ಷದ ಅವಧಿಯನ್ನು ಕೊಟ್ಟು ಬಗೆಹರಿಸಿದ್ದಾಯಿತು. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ತಂದೆಯಿಂದ ಮಗನಿಗೆ ಅಧ್ಯಕ್ಷಪೀಠವು ಬಂದಾಗ, ಇದು ಪುತ್ರವ್ಯಾಮೋಹವೆಂದು ಆಡಿದವರುಂಟು. ಮಗನನ್ನು ಅಧ್ಯಕ್ಷನನ್ನಾಗಿ ಮಾಡಬಹುದೆಂದು ಪಂಡಿತರು ಗಾಂಧೀಜಿಯವರಿಗೆ ಹಿಂದಿನ ವರ್ಷವೇ ಬರೆದಿದ್ದುದೂ ನಿಜ. ಆದರೆ ಆ ಪೀಠದ ಮೇಲೆ ಅಂದು ಅಧಿಕಾರವಿರಲಿಲ್ಲ, ಸಂಬಳವಿರಲಿಲ್ಲ. ಅದರ ಮುಂದೆ ಇದ್ದ ದಾರಿಯು ಸೆರೆಮನೆಯದು. ಹತ್ತು ವರ್ಷದ ಹಿಂದೆ ಯಾವ ದಾರಿಯಿಂದ ಮಗನನ್ನು ತಡೆಯಲು ಹೆಣಗಿದ್ದರೋ ಅದೇ ದಾರಿಯ ತುದಿಯಲ್ಲಿ ಅವನನ್ನು ನಿಲ್ಲಿಸಿದ ತಂದೆಯ ಎದೆಗಟ್ಟಿತನವನ್ನು, ಅಧಿಕಾರವನ್ನು ಮಕ್ಕಳಿಗೆ ಕಟ್ಟಿಡುವ ಇತರ ತಂದೆಗಳ ಆಸೆಯೊಡನೆ ತೂಗಲಾಗದು.

1930ರಲ್ಲಿ ಅವರು ಹಳೆಯ ಆನಂದಭವನವನ್ನು ದೇಶಕ್ಕೆ ಒಪ್ಪಿಸಿದರು. ಅದಕ್ಕೆ ಸ್ವರಾಜ್ಯಭವನವೆಂದು ಹೆಸರಾಯಿತು. ಪಕ್ಕದಲ್ಲಿ ಕಟ್ಟಿಸಿದ್ದ ಚಿಕ್ಕ ಮನೆಯಲ್ಲಿ ಕುಟುಂಬವು ಇದ್ದಿತು. ಜೂನ್ 30ರಂದು, ಅರುವತ್ತೊಂಬತ್ತು ವಯಸ್ಸಿನ ಉಬ್ಬಸದ ರೋಗಿಯಾದ ಪಂಡಿತರನ್ನು ಸರ್ಕಾರವು ಮತ್ತೆ ಬಂಧಿಸಿ ನೈನಿಯ ಸೆರೆಮನೆಗೆ, ಮಗನಿದ್ದಲ್ಲಿಗೇ, ಕಳುಹಿಸಿತು. ದೇಹಸ್ಥಿತಿಯು ಕೆಡುತ್ತ ಬಂದುದರಿಂದ ಹತ್ತು ವಾರಗಳಲ್ಲಿ ಬಿಟ್ಟುಬಿಡಬೇಕಾಯಿತು. 1931ರ ಹೊಸವರ್ಷದ ದಿನ ಸೊಸೆ ಕಮಲೆಯೂ ಸೆರೆಮನೆಗೆ ಹೋದಳು. ಜನವರಿ 26ರಂದು ಮಗನ ಬಿಡುಗಡೆಯಾಯಿತು. ಗಾಂಧೀಜಿಯವರೂ ಬಿಡುಗಡೆ ಹೊಂದಿ ಹಾಸಿಗೆಯ ಬಳಿಗೆ ಬಂದರು. ಚಿಕಿತ್ಸೆಗಾಗಿ ಲಖನೌಗೆ ಕರೆದೊಯ್ದ ಎರಡು ದಿನಕ್ಕೆ, ಫೆಬ್ರವರಿ 6ರ ಮುಂಜಾವದಲ್ಲಿ, ಪತ್ನೀಪುತ್ರರ ಸಮ್ಮುಖದಲ್ಲಿ ಪಂಡಿತರ ಪ್ರಾಣವು ಹೋಯಿತು. ಅಂದು ಸಂಜೆಯೇ ಪ್ರಯಾಗದ ಗಂಗಾತೀರದಲ್ಲಿ ಅಸಂಖ್ಯ ಜನರ ನಡುವೆ ಅಂತ್ಯಕ್ರಿಯೆಯು ನಡೆಯಿತು.

ಯಜಮಾನನು ಹೋದ ಮೇಲೆ ಆ ಮನೆಯ ಸತ್ತ್ವವೇನೆಂಬುದು ಗೊತ್ತಾಯಿತು. 1932ರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಸೆರೆಮನೆಯನ್ನು ಕಂಡರು. ಅದೇ ವರ್ಷದ ಏಪ್ರಿಲಿನಲ್ಲಿ, ಅಲಹಾಬಾದಿನ ಬೀದಿಯಲ್ಲಿ ತಡೆಯಲ್ಪಟ್ಟ ಮೆರವಣಿಗೆಯ ಮುಂದೆ ಕುರ್ಚಿಯ ಮೇಲೆ ಕುಳಿತಿದ್ದ ವೃದ್ಧೆ ಸ್ವರೂಪರಾಣಿಯವರು ತಲೆಗೆ ಪೋಲೀಸಿನವರ ಬೆತ್ತದ ಪೆಟ್ಟು ಬಿದ್ದು, ರಕ್ತ ಸುರಿದು ಮೂರ್ಛೆ ಹೋದರು. ಜೀವಮಾನವೆಲ್ಲ ಅಂತಃಪುರದಲ್ಲಿ ಕಳೆದ, ಸದಾ ಅಸ್ವಸ್ಥರಾಗಿದ್ದ ಆ ಗೃಹಿಣಿಯು ಬೀದಿಗೆ ಬಂದುದು ಯಾರ ಬಲಾತ್ಕಾರದಿಂದಲೂ ಅಲ್ಲ. ಈ ಸಂಸಾರದ ತ್ಯಾಗದಲ್ಲಿ ಗಂಡಸರ ಹೆಸರು ಮೆರೆದರೂ ಭಾರದ ಅರ್ಧವನ್ನು ಹೊತ್ತವರು ಹೆಂಗಸರು ಎಂಬುದನ್ನು ಮರೆತರೆ ನಾವು ಕೃತಘ್ನರಾದೇವು.

ಮಗನ ಮೇಲಣ ಮೋಹದಿಂದಲೇ ಮೋತೀಲಾಲರು ದೇಶಭಕ್ತರಾದರೆಂದು ಲಘುವಾಗಿ ಆಡುವವರಿಗೆ ನಮ್ಮ ಉತ್ತರವಿಷ್ಟೇ. ಮಗನ ಮೇಲಣ ಪ್ರೀತಿಯು ಅವರನ್ನು ಬಾಗಿಲವರೆಗೆ ಕರೆತಂದಿರಬಹುದು. ಹೊಸ್ತಿಲನ್ನು ದಾಟಿಸಿದುದು ಪಂಜಾಬಿನ ದುಃಖ, ಮತ್ತು ತಾವು ಕೈಕೊಂಡುದನ್ನು ಕಡೆಮುಟ್ಟಿಸುವ ಸ್ವಭಾವ. ಬೇರೆಯವರ ಮಕ್ಕಳಲ್ಲಿ ತನ್ನ ಮಗನನ್ನು ಕಾಣಲಾರದ ಪ್ರೀತಿಯು ಮೋಹವೆನಿಸುವುದು. ಕಾಣಬಲ್ಲ ಪ್ರೀತಿಯೇ ದೇಶಭಕ್ತಿಯೆನಿಸುವುದು.

ಅವರಷ್ಟು ಗಳಿಸಿದವರು ಬಿಡಬಲ್ಲರು, ತಿಂಗಳ ಸಂಬಳವನ್ನೇ ನಂಬಿದವರು ಏನು ಬಿಡಬಲ್ಲರು ಎಂಬ ಆಕ್ಷೇಪಣೆಯು ಉಳಿಯುತ್ತದೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಎಲ್ಲರೂ ವೃತ್ತಿಯನ್ನು ಬಿಡಬೇಕೆಂದೂ ಮನೆಯನ್ನು ದಾನ ಕೊಡಬೇಕೆಂದೂ ಯಾರೂ ಕೇಳುತ್ತಿಲ್ಲ. ಅಂತಹ ಕಾಲವೂ ಇದಲ್ಲ. ಸ್ವರಾಜ್ಯವು ಬಂದಿದೆ. ಇಂದು ದೇಶವು ಬೇಡುವುದು ಸೆರೆಮನೆಯನ್ನಲ್ಲ. ಲಂಚವನ್ನು ಮುಟ್ಟದ ಕೈಯನ್ನು, ಕಂದಾಯವನ್ನು ಕದಿಯದ ಮನಸ್ಸನ್ನು, ಊರಿನ ಶಾಲೆಗೂ ಕೆರೆಗೂ ವಾರದಲ್ಲಿ ಒಂದು ಗಳಿಗೆಯನ್ನು. ಇವುಗಳಿಗೂ ಹೆಂಡಿರುಮಕ್ಕಳ ನೆಪವನ್ನೇ ಒಡ್ಡುವವರು ಹೆಂಡಿರುಮಕ್ಕಳ ಹೆಸರಿಗೆ ಮಸಿ ಬಳಿಯುತ್ತಾರೆ. ಅಣ್ಣನ ಏಳು ಮಕ್ಕಳ ಋಣವನ್ನು ತೀರಿಸಿದ ಕೈಯೇ ದೇಶದ ಋಣಕ್ಕೂ ಒದಗಿತೆಂಬುದನ್ನು ನೆನೆದರೆ, ಇವೆರಡೂ ಒಂದೇ ಲೆಕ್ಕದ ಪುಸ್ತಕದಲ್ಲಿವೆಯೆಂಬುದು ವಾಚಕರಿಗೆ ಮನವರಿಕೆಯಾಗದೆ ಇರಲಾರದು.